ಓದುಗರ ಪ್ರಶ್ನೆ: ಅಲ್ಪಾಯುಷಿ ಪರಮಾಣುವಿಗೆ ಎಷ್ಟು ಕಿರಿದಾದ ಲೇಸರ್ ಬೇಕು?

ಪ್ರಶ್ನೆ: ಮಾನ್ಯರೇ, ನಾನು ಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಜಿನೀವಾದ ಸರ್ನ್ ಸಂಸ್ಥೆಯಲ್ಲಿ ವಿಕಿರಣಶೀಲ ಪರಮಾಣುಗಳ ರೋಹಿತವನ್ನು ತೀರಾ ಕಿರಿದಾದ ರೇಖಾಗಲದ ಲೇಸರ್‌ಗಳಿಂದ ಅಳೆಯುತ್ತಾರೆಂದು ಓದಿದೆ. ಲೇಸರ್ ಎಂದರೆ ಒಂದೇ ಬಣ್ಣದ ಬೆಳಕು ಎಂದಮೇಲೆ ಅದನ್ನು ಇನ್ನಷ್ಟು ಕಿರಿದುಗೊಳಿಸುವ ಅಗತ್ಯವೇನು?

ಉತ್ತರ: ಲೇಸರ್ ಒಂದೇ ಬಣ್ಣದ್ದು ಎಂಬುದು ಪಾಠದ ಅನುಕೂಲಕ್ಕಾಗಿ ಹೇಳುವ ಮಾತು. ಯಾವ ಲೇಸರ್‌ನ ಬೆಳಕೂ ಒಂದೇ ಕಂಪನಾಂಕಕ್ಕೆ ಕಟ್ಟುಬಿದ್ದಿರುವುದಿಲ್ಲ. ಅದರ ಅಕ್ಕಪಕ್ಕ ಒಂದಿಷ್ಟು ಹರಡಿಕೊಂಡೇ ಇರುತ್ತದೆ. ಆ ಹರವಿನ ಅಳತೆಯೇ ರೇಖಾಗಲ. ಪರಮಾಣುಗಳನ್ನು ಅಯಾನುಗಳನ್ನಾಗಿ, ಅಂದರೆ ವಿದ್ಯುದಾವೇಶವುಳ್ಳ ಕಣಗಳನ್ನಾಗಿ, ಮಾಡಲು ಬಳಸುವ, ಮಿಡಿತಗಳಲ್ಲಿ ಬೆಳಗುವ ಸಾಮಾನ್ಯ ಟೈಟಾನಿಯಂ-ಸಫೈರ್ ಲೇಸರ್‌ನ ರೇಖಾಗಲ ಹಲವು ಗಿಗಾಹರ್ಟ್ಸ್ ಇರಬಹುದು. ನಮಗೆ ಬೇಕಾದ ಮಾಹಿತಿಯಾದರೋ ಮೆಗಾಹರ್ಟ್ಸ್‌ಗಳ ಅಂತರದಲ್ಲಿ ಅಡಗಿರುತ್ತದೆ.

ಫ್ರಾನ್ಸಿಯಂ ಎಂಬ ವಿಕಿರಣಶೀಲ ಧಾತು ಇದಕ್ಕೆ ಒಳ್ಳೆಯ ಉದಾಹರಣೆ. ಇದರ ಐಸೋಟೋಪುಗಳಲ್ಲೆಲ್ಲ ದೀರ್ಘಾಯುಷಿಯಾದ ಫ್ರಾನ್ಸಿಯಂ-223ರ ಅರ್ಧಾಯುವೇ 22 ನಿಮಿಷ. ಫ್ರಾನ್ಸಿಯಂ-219ರದ್ದು ಸುಮಾರು 20 ಮಿಲಿಸೆಕೆಂಡ್ ಮಾತ್ರ. ನ್ಯೂಕ್ಲಿಯಸ್‌ನ ಕಾಂತತ್ವ ಮತ್ತು ಆಕಾರಗಳ ಪ್ರಭಾವದಿಂದ ಎಲೆಕ್ಟ್ರಾನಿನ ಶಕ್ತಿಸ್ತರಗಳು ಸೀಳುತ್ತವೆ. ಫ್ರಾನ್ಸಿಯಂನ ತಳಸ್ತರದಲ್ಲಿ ಈ ಸೀಳು ಹತ್ತಾರು ಗಿಗಾಹರ್ಟ್ಸ್ ಇರುವುದರಿಂದ ಅಗಲವಾದ ಲೇಸರ್‌ಗೂ ಕಾಣಿಸುತ್ತದೆ. ಆದರೆ ನ್ಯೂಕ್ಲಿಯಸ್ ದುಂಡಗಿದೆಯೇ, ಮೊಟ್ಟೆಯಂತೆ ನೀಳವಾಗಿದೆಯೇ ಎಂಬ ಸುಳಿವು ಇರುವುದು ಮೇಲಿನ ಸ್ತರದ ಸೀಳಿನಲ್ಲಿ. ಅದು ಕೆಲವೇ ನೂರು ಮೆಗಾಹರ್ಟ್ಸ್‌ನಷ್ಟು. ಅಳತೆಯ ರೇಖೆಯೇ (ಪರಮಾಣು ಬೆಳಕನ್ನು ಹೀರುವ ಕಂಪನಾಂಕದಲ್ಲಿ ರೋಹಿತದಲ್ಲಿ ಮೂಡುವ ಗುರುತು) ಒಂದೂವರೆ ಗಿಗಾಹರ್ಟ್ಸ್ ಅಗಲವಿದ್ದರೆ ಈ ಸೀಳುಗಳೆಲ್ಲ ಒಂದರೊಳಗೊಂದು ಬೆರೆತು ಒಂದೇ ದಿಬ್ಬವಾಗಿ ಕಾಣುತ್ತವೆ.

ಸರ್ನ್‌ನ ಐಸೋಲ್ಡೆ ಕೇಂದ್ರದಲ್ಲಿ ‘ಕ್ರಿಸ್’ ಎಂಬ ಉಪಕರಣವನ್ನು ಬಳಸುವ ತಂಡವು 2015ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, 422 ನ್ಯಾನೋಮೀಟರ್ ತರಂಗಾಂತರದ ನಿರಂತರ ಲೇಸರ್ ಬೆಳಕನ್ನು ಪಾಕೆಲ್ಸ್ ಕೋಶ ಎಂಬ, ವಿದ್ಯುತ್ತಿನಿಂದ ನಡೆಯುವ ವೇಗದ ಬೆಳಕಿನ ಕದದಿಂದ ತುಂಡುತುಂಡಾಗಿ ಕತ್ತರಿಸಿ ಹಾಯಿಸಿ, ಫ್ರಾನ್ಸಿಯಂ-219ರ ರೇಖೆಯನ್ನು 20 ಮೆಗಾಹರ್ಟ್ಸ್ ಅಗಲಕ್ಕೆ ಇಳಿಸಲಾಯಿತು. ಆ ಬೆಳಕಿನ ಕಂಪನಾಂಕ ಸುಮಾರು 710 ಟೆರಾಹರ್ಟ್ಸ್. ಅಂದರೆ ಮೂರೂವರೆ ಕೋಟಿಯಲ್ಲಿ ಒಂದು ಪಾಲಿನ ಸೂಕ್ಷ್ಮತೆ. ಬೆಂಗಳೂರಿನಿಂದ ಮೈಸೂರಿಗಿರುವ ದೂರದಲ್ಲಿ ಒಂದು ಕಾಳುಮೆಣಸಿನಷ್ಟು ವ್ಯತ್ಯಾಸವನ್ನು ಗುರುತಿಸಿದ ಹಾಗೆ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಲೇಸರ್ ಒಂದನ್ನೇ ಕಿರಿದು ಮಾಡಿದರೆ ಏನೂ ಪ್ರಯೋಜನವಿಲ್ಲ, ಪರಮಾಣುಗಳನ್ನೂ ಹದಕ್ಕೆ ತರಬೇಕು. ಐಸೋಲ್ಡೆಯಲ್ಲಿ ಪ್ರೋಟಾನುಗಳನ್ನು ಸುಮಾರು 2000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಯುರೇನಿಯಂ ಕಾರ್ಬೈಡ್‌ಗೆ ಅಪ್ಪಳಿಸುವಂತೆ ಮಾಡುತ್ತಾರೆ. ಆ ಕುಲುಮೆಯಲ್ಲಿ ಹುಟ್ಟಿದ ಪರಮಾಣುಗಳು ದಿಕ್ಕುದಿಕ್ಕಿಗೆ ಹಾರಾಡುವುದರಿಂದ, ಡಾಪ್ಲರ್ ಪರಿಣಾಮವೊಂದೇ (ಚಲನೆಯಿಂದಾಗಿ ಬೆಳಕಿನ ಕಂಪನಾಂಕ ಬದಲಾದಂತೆ ತೋರುವುದು) ರೇಖೆಯನ್ನು ಒಂದೂವರೆ ಗಿಗಾಹರ್ಟ್ಸ್‌ನಷ್ಟು ಅಗಲಿಸಿಬಿಡುತ್ತದೆ. ಇದಕ್ಕೆ 1976ರಲ್ಲಿ ಸೂಚಿಸಲಾದ ಪರಿಹಾರ, ನನ್ನ ಮಟ್ಟಿಗೆ, ಈ ಇಡೀ ವಿದ್ಯೆಯಲ್ಲೇ ಅತಿ ಸುಂದರವಾದದ್ದು: ಆ ಪರಮಾಣುಗಳನ್ನು ಅಯಾನುಗಳನ್ನಾಗಿ ಮಾಡಿ, 30ರಿಂದ 60 ಸಾವಿರ ವೋಲ್ಟ್‌ಗಳಿಂದ ವೇಗವರ್ಧಿಸಿ, ಅದೇ ಸಾಲಿನಲ್ಲಿ ಲೇಸರ್ ಹಾಯಿಸುವುದು. ಎತ್ತರದ ಇಳಿಜಾರಿನ ತುದಿಯಿಂದ ಎರಡು ಗೋಲಿಗಳನ್ನು, ಒಂದನ್ನು ಸುಮ್ಮನೆ, ಇನ್ನೊಂದನ್ನು ಮೆಲ್ಲಗೆ ತಳ್ಳಿ, ಉರುಳಿಬಿಡಿ. ಬುಡ ತಲುಪುವಾಗ ಎರಡರ ವೇಗವೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಇಳಿಜಾರು ಎತ್ತರವಾದಷ್ಟೂ ವೇಗದ ವ್ಯತ್ಯಾಸ ಕುಗ್ಗುತ್ತದೆ. ಹಾಗೆಯೇ ಸೆಕೆಂಡಿಗೆ 150 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ಓಡುವ ಈ ಪರಮಾಣುಗಳು ಕುಲುಮೆಯಲ್ಲಿದ್ದಾಗಿನದಕ್ಕಿಂತ ಹೆಚ್ಚು ಶಿಸ್ತಿನಲ್ಲಿರುತ್ತವೆ.

ಇನ್ನು ಲೇಸರ್‌ನ ಕಷ್ಟ. ನಿರಂತರವಾಗಿ ಬೆಳಗುವ ಲೇಸರ್ ಕಿರಿದಾಗಿರುತ್ತದೆ, ಆದರೆ ದುರ್ಬಲ; ಮಿಡಿಯುವ ಲೇಸರ್ ಪ್ರಬಲ, ಆದರೆ ಅಗಲ. ಎರಡರ ಗುಣವನ್ನೂ ಕೂಡಿಸುವುದಕ್ಕೆ ‘ಇಂಜೆಕ್ಷನ್ ಲಾಕಿಂಗ್’ ಎಂಬ ಉಪಾಯವಿದೆ. ಕಿರಿದಾದ ದುರ್ಬಲ ಬೆಳಕನ್ನು, ಹಸಿರು ಲೇಸರ್‌ನಿಂದ ಸೆಕೆಂಡಿಗೆ ಹತ್ತು ಸಾವಿರ ಸಲ ಶಕ್ತಿ ಪಡೆಯುವ ಟೈಟಾನಿಯಂ-ಸಫೈರ್ ಹರಳಿರುವ ಕನ್ನಡಿಗಳ ಬಳಸುದಾರಿಗೆ ಬಿಡುತ್ತಾರೆ. ತಂಬೂರಿಯ ಶ್ರುತಿಗೆ ಗಾಯಕರ ತುಂಬುದನಿ ಸೇರುವಂತೆ, ಪ್ರಬಲ ಬೆಳಕು ಆ ಬೀಜದ ಬೆಳಕಿನ ಕಂಪನಾಂಕವನ್ನೇ ಹಿಡಿಯುತ್ತದೆ. ಶ್ರುತಿ ಜಾರದಿರಲು ಒಂದು ಕನ್ನಡಿಯನ್ನು ವಿದ್ಯುತ್ ಕೊಟ್ಟಾಗ ತುಸುವೇ ಹಿಗ್ಗುವ ಪೀಜೋ ಹರಳಿನ ಮೇಲೆ ಕೂರಿಸಿ, ಬಳಸುದಾರಿಯ ಉದ್ದವನ್ನು ಕ್ಷಣಕ್ಷಣವೂ ತಿದ್ದುತ್ತಿರಬೇಕು. ಹೀಗೆ ದೊರೆಯುವ ಪ್ರಬಲ ಮಿಡಿತಗಳ ರೇಖಾಗಲ ಸುಮಾರು 20 ಮೆಗಾಹರ್ಟ್ಸ್.

ಪ್ರಶ್ನೆ: ಹಾಗಾದರೆ ಇನ್ನೂ ಕಿರಿದು, ಮತ್ತೂ ಕಿರಿದು ಎಂದು ಹೋಗುವುದೇ ಸರಿಯೇ?

ಉತ್ತರ: ಅಲ್ಲ. ಉದ್ರಿಕ್ತ ಸ್ತರದಲ್ಲಿ, ಅಂದರೆ ಬೆಳಕು ಹೀರಿ ಏರಿದ ಮೇಲಿನ ಸ್ತರದಲ್ಲಿ, ಎಲೆಕ್ಟ್ರಾನು ಕೆಲವು ಹತ್ತು ನ್ಯಾನೋಸೆಕೆಂಡ್‌ಗಳಷ್ಟೇ ನಿಲ್ಲುವುದಾದರೆ ರೇಖೆಗೆ ಕೆಲವು ಮೆಗಾಹರ್ಟ್ಸ್‌ಗಳ ಸಹಜ ಅಗಲ ಇದ್ದೇ ಇರುತ್ತದೆ. ಅದಕ್ಕಿಂತ ಬಹಳ ಕಿರಿದಾದ ಲೇಸರ್ ತಂದರೂ ರೇಖೆ ಕುಗ್ಗದು. ಮಿಡಿತ ಚಿಕ್ಕದಾದಷ್ಟೂ ಬೆಳಕು ಅಗಲವಾಗಲೇಬೇಕೆಂಬ ಫೂರಿಯೇ ನಿಯಮವೂ ಇದೆ. ಇದೆಲ್ಲಕ್ಕಿಂತ ಮೊದಲು ರೇಖೆ ಎಲ್ಲಿದೆ ಎಂಬುದೇ ಗೊತ್ತಿರಬೇಕು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಕೃತಕವಾಗಿ ತಯಾರಿಸುವ ಭಾರ ಧಾತು ನೊಬೀಲಿಯಂ-254ರ ಪರಮಾಣುಗಳು ಸೆಕೆಂಡಿಗೆ ಕೆಲವೇ ಸಿಗುತ್ತಿದ್ದವು, ಅರ್ಧಾಯು 51 ಸೆಕೆಂಡ್. ಅಲ್ಲಿ ಕಿರಿದಾದ ಲೇಸರ್ ಹಿಡಿದು ಹುಡುಕಲು ಹೊರಟಿದ್ದರೆ ಹುಡುಕಾಟ ಮುಗಿಯುತ್ತಲೇ ಇರಲಿಲ್ಲ. ಆದ್ದರಿಂದ ಅಗಲವಾದ ಲೇಸರ್‌ಗಳಿಂದಲೇ ಜಾಲಾಡಿ, ಸುಮಾರು 334 ನ್ಯಾನೋಮೀಟರ್ ಬಳಿ ಅದರ ರೇಖೆಯನ್ನು ಕಂಡು, 2016ರಲ್ಲಿ ಪ್ರಕಟಿಸಿದರು. ಕಿರಿದುಗೊಳಿಸುವ ಕೆಲಸ ಶುರುವಾದದ್ದು ಆಮೇಲೆ.