ಕಾರಿನ ಮುಂದಿನ ಬ್ರೇಕ್ ಪ್ಯಾಡ್ ಮನೆಯಲ್ಲೇ ಬದಲಿಸಬಹುದಾ?

ನೀವು ಕೇಳಿರುವುದು ಇಷ್ಟು: ಇರುವುದು ಚಿಕ್ಕಮಗಳೂರಿನಲ್ಲಿ, ಕಾರು ಸ್ವಿಫ್ಟ್, ಬ್ರೇಕ್ ಒತ್ತಿದಾಗ ಮುಂದಿನಿಂದ ಕೀಂಯ್ ಅಂತ ಸದ್ದು, ಪ್ಯಾಡ್ ನಾನೇ ಹಾಕಿಕೊಳ್ಳಲಾ ಅಂತ.

ಹಾಕಿಕೊಳ್ಳಿ. ನಮ್ಮ ಮನೆ ಆಲ್ದೂರು ಕಡೆ. ಹಳೇ ವ್ಯಾಗನ್‌ಆರ್‌ಗೆ ನಾನೇ ಮೂರು ಸಲ ಹಾಕಿದ್ದೇನೆ. ಮೊದಲ ಸಲ ಇಡೀ ಭಾನುವಾರ ಹೋಯಿತು, ಈಗ ಎರಡೂ ಕಡೆ ಸೇರಿ ಒಂದೂವರೆ ಗಂಟೆ. ನಿಮ್ಮ ಆ ಸದ್ದು ಬಹುಶಃ ಪ್ಯಾಡಿಗೆ ಅಂಟಿರುವ ಸಣ್ಣ ತಗಡಿನದು. ಪ್ಯಾಡ್ ಸವೆದಾಗ ಅದು ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಉಜ್ಜಿ ಕೂಗಲಿ ಅಂತಲೇ ಇಟ್ಟಿರುತ್ತಾರೆ. ಪ್ಯಾಡ್ 3 ಮಿಲಿಮೀಟರ್‌ಗೆ ಬಂದಿದ್ದರೆ ಮುಂದೆ ಹಾಕಬೇಡಿ. ಬದಲಿಸುವುದಾದರೆ ಎಡ ಬಲ ಎರಡೂ ಕಡೆ ಒಟ್ಟಿಗೇ.

ಜಾಗ ಸಮತಟ್ಟಾಗಿರಬೇಕು. ನಮಗೆ ಕಾಫಿ ಕಣ ಇದೆ, ಸಿಮೆಂಟ್ ನೆಲ, ಇದಕ್ಕಿಂತ ಒಳ್ಳೆ ಗ್ಯಾರೇಜ್ ಬೇಡ. ಕಾಫಿ ಒಣಗಿಸುವ ತಿಂಗಳಲ್ಲಿ ಮಾತ್ರ ಅಮ್ಮ ಹತ್ತಿರ ಬಿಡುವುದಿಲ್ಲ. ಕಾರನ್ನು ಫಸ್ಟ್ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ವೀಲ್ ನಟ್‌ಗಳನ್ನು ಚಕ್ರ ನೆಲದ ಮೇಲೆ ಇರುವಾಗಲೇ ಸ್ವಲ್ಪ ಸಡಿಲ ಮಾಡಿಕೊಳ್ಳಿ, ಆಮೇಲೆ ಜಾಕ್. ಕಾರಿನ ಜೊತೆ ಬರುವ ಜಾಕ್ ಎತ್ತಲಿಕ್ಕೆ ಮಾತ್ರ, ಅದನ್ನು ನಂಬಿ ಕೈ ತಲೆ ಒಳಗೆ ಹಾಕಬೇಡಿ. ಎತ್ತಿದ ಕಾರಿಗೆ ಕೆಳಗಿನಿಂದ ಆಸರೆ ಕೊಡುವ ಜಾಕ್ ಸ್ಟ್ಯಾಂಡ್ ತಂದುಕೊಳ್ಳಿ. ಜೊತೆಗೆ ಬಿಚ್ಚಿದ ಚಕ್ರವನ್ನೂ ಬಾಡಿ ಕೆಳಗೆ ಮಲಗಿಸಿಡಿ.

ಸ್ಟೀರಿಂಗ್ ತಿರುಗಿಸಿಕೊಂಡರೆ ಕ್ಯಾಲಿಪರ್, ಅಂದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಅದುಮುವ ಭಾಗ, ಅದರ ಹಿಂಭಾಗ ಹೊರಗೆ ಕಾಣುತ್ತದೆ. ಎರಡು ಬೋಲ್ಟ್, ಸಾಮಾನ್ಯವಾಗಿ 12 ಅಥವಾ 14ರ ಸ್ಪ್ಯಾನರ್. ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಪೈಪಿನ ಮೇಲೆ ನೇತಾಡಲು ಬಿಡಬೇಡಿ, ಸಸ್ಪೆನ್ಷನ್ ಸ್ಪ್ರಿಂಗಿಗೆ ತಂತಿ ಕಟ್ಟಿ ತೂಗುಹಾಕಿ. ಇನ್ನೊಂದು ಕಡೆಯದನ್ನು ಆಗಲೇ ಮುಟ್ಟಬೇಡಿ. ಯಾವುದು ಹೇಗಿತ್ತು ಅಂತ ಮರೆತರೆ ನೋಡಲಿಕ್ಕೆ ಅದು ಬೇಕಾಗುತ್ತದೆ.

ಈಗ ಪಿನ್. ಕ್ಯಾಲಿಪರ್ ಒಳಗೂ ಹೊರಗೂ ಜಾರುವುದು ಎರಡು ಪಿನ್‌ಗಳ ಮೇಲೆ. ನಮ್ಮ ಕಡೆ ಮಳೆ, ಕೆಸರು, ಎಸ್ಟೇಟಿನ ಮಣ್ಣುದಾರಿ. ಪಿನ್ನಿನ ರಬ್ಬರ್ ಒಂದು ಕಡೆ ಹರಿದರೆ ಸಾಕು, ನೀರು ಹೊಕ್ಕು ತುಕ್ಕು ಹಿಡಿದು ಪಿನ್ ಕಚ್ಚಿಕೊಳ್ಳುತ್ತದೆ. ನನ್ನ ಎರಡನೇ ಸಲ ಹಾಗೇ ಆಗಿತ್ತು. ಎಡಗಡೆ ಒಳಗಿನ ಪ್ಯಾಡ್ ಸವೆದು ಕಬ್ಬಿಣ ಕಾಣುತ್ತಿತ್ತು, ಅದೇ ಚಕ್ರದ ಹೊರಗಿನ ಪ್ಯಾಡ್ ಇನ್ನೂ ಅರ್ಧ ಇತ್ತು! ಅಂಥ ಪಿನ್ ಮೇಲೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೇ ಹಾಳಾಗುತ್ತದೆ. ಎಷ್ಟೋ ಕಡೆ ಪ್ಯಾಡ್ ಮಾತ್ರ ಬದಲಿಸಿ ಕಳಿಸುತ್ತಾರೆ, ಅದಕ್ಕೇ ನಾನು ಮನೆಯಲ್ಲಿ ಮಾಡಲು ಶುರು ಮಾಡಿದ್ದು. ಪಿನ್ ಎಳೆದು, ಒರೆಸಿ, ಬ್ರೇಕಿಗೆ ಅಂತಲೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಬೇರಿಂಗಿನ ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಊದಿಕೊಳ್ಳುತ್ತದೆ. ಬೆರಳಿನಲ್ಲಿ ತಳ್ಳಿದರೆ ಪಿನ್ ಬೆಣ್ಣೆಯಲ್ಲಿ ಹೋದ ಹಾಗೆ ಹೋಗಬೇಕು.

ಹೊಸ ಪ್ಯಾಡ್ ದಪ್ಪ, ಹಾಗಾಗಿ ಕ್ಯಾಲಿಪರಿನಲ್ಲಿ ಪ್ಯಾಡನ್ನು ಒತ್ತುವ ಪಿಸ್ಟನ್ನನ್ನು ಒಳಗೆ ತಳ್ಳಬೇಕು. ಹಳೇ ಪ್ಯಾಡನ್ನು ಅದರ ಮೇಲೆ ಅಡ್ಡ ಇಟ್ಟು, ಸಿ-ಕ್ಲಾಂಪಿನಲ್ಲಿ ನಿಧಾನ ಬಿಗಿಯಿರಿ. ಬಾನೆಟ್ ಕೆಳಗೆ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದಿಟ್ಟು ನೋಡುತ್ತಿರಿ, ಆಯಿಲ್ ಮೇಲೆ ಬರುತ್ತದೆ. ಚೆಲ್ಲಿದರೆ ಪೇಂಟ್ ಕಿತ್ತು ಬರುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ. ಪ್ಯಾಡಿನ ಧೂಳನ್ನು ಬಾಯಲ್ಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಡಿಸ್ಕಿನಲ್ಲಿ ಆಳವಾದ ಗೀರು ಇದ್ದರೆ ಅಥವಾ ಅದರ ಮೇಲೆ ಕೊರೆದಿರುವ ಕನಿಷ್ಠ ದಪ್ಪಕ್ಕಿಂತ ಸವೆದಿದ್ದರೆ ಡಿಸ್ಕನ್ನೂ ಬದಲಿಸಬೇಕು. ಮಳೆಯಲ್ಲಿ ನಿಂತ ಕಾರಿನ ಮೇಲ್ಮೈ ತುಕ್ಕಿಗೆ ಹೆದರಬೇಡಿ, ಎರಡು ಬ್ರೇಕಿಗೆ ಹೋಗುತ್ತದೆ.

ಎಲ್ಲ ಬಿಗಿದು ಚಕ್ರ ಹಾಕಿದ ಮೇಲೆ, ಕಾರು ಅಲುಗಿಸುವ ಮೊದಲು, ಪೆಡಲ್ ಗಟ್ಟಿಯಾಗುವ ತನಕ ಒತ್ತುತ್ತಾ ಇರಿ. ನಾನು ಮೊದಲ ಸಲ ಮರೆತೆ. ಖುಷಿಯಲ್ಲಿ ರಿವರ್ಸ್ ಹಾಕಿ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ನೆಲಕ್ಕೆ! ಹಿಂದೆ ತಳ್ಳಿದ ಪಿಸ್ಟನ್ ಪ್ಯಾಡಿಗೆ ಇನ್ನೂ ತಾಗಿಯೇ ಇರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ದಾಸವಾಳದ ಬೇಲಿ ಒಳಗಿದ್ದೆ. ಇವತ್ತಿಗೂ ನಾನು ಸ್ಪ್ಯಾನರ್ ಹಿಡಿದರೆ ಅಮ್ಮ ಬೇಲಿ ಕಡೆ ನೋಡುತ್ತಾರೆ.

ಹೊಸ ಪ್ಯಾಡ್ ಹಾಕಿ ನೇರ ಗಿರಿಗೆ ಹೋಗಬೇಡಿ. ಊರು ಸಾವಿರ ಮೀಟರ್ ಚಿಲ್ಲರೆ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ 1,900 ದಾಟುತ್ತದೆ. ಅಷ್ಟು ಇಳಿಜಾರು ಹೊಸ ಪ್ಯಾಡಿಗೆ ಜಾಸ್ತಿ ಆಯಿತು. ಕಡೂರು ರಸ್ತೆಯಲ್ಲಿ ಹಿಂದೆ ಯಾರೂ ಇಲ್ಲದಾಗ 50ರಿಂದ 10ಕ್ಕೆ, ಮಧ್ಯೆ ಸ್ವಲ್ಪ ತಣಿಯಲು ಬಿಟ್ಟು, ಎಂಟು ಹತ್ತು ಸಲ ನಿಧಾನ ಮಾಡಿ. ಪ್ಯಾಡೂ ಡಿಸ್ಕೂ ಕೂಡಿಕೊಳ್ಳುತ್ತವೆ. ಆಮೇಲೂ ಪೆಡಲ್ ಸ್ಪಂಜಿನ ಹಾಗೆ ಅನ್ನಿಸಿದರೆ ಗಾಳಿ ಸೇರಿರಬಹುದು, ಅದನ್ನು ಗ್ಯಾರೇಜಿಗೆ ಕೊಡಿ. ಆಯಿಲ್ ಹಾಕಿಸಿ ಎರಡು ವರ್ಷ ಆಗಿದ್ದರೆ ಅದನ್ನೂ ಬದಲಿಸಲು ಹೇಳಿ. ಅದು ಗಾಳಿಯ ತೇವ ಹೀರುತ್ತದೆ, ಘಾಟಿ ಇಳಿಯುವಾಗ ಕುದಿದರೆ ಬ್ರೇಕೇ ಇರುವುದಿಲ್ಲ.

ಹಳೇ ಪ್ಯಾಡ್ ಒಂದನ್ನು ಸ್ಟೆಪ್ನಿ ಪಕ್ಕ ಎಸೆದಿಡಿ. ಮುಂದಿನ ಸಲ ಪಿಸ್ಟನ್ ತಳ್ಳಲಿಕ್ಕೆ ಬೇಕಾಗುತ್ತದೆ.