ಅಂತರ್ಜಾಲ ಅನ್ನೋ ಫೋಟೋಗ್ರಾಫರ್ ಯಾರೂ ಇಲ್ಲ

ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಬರೆದವರು ಸ್ವಂತವಾಗಿ ವೆಬ್‌ಸೈಟ್ ಮಾಡಿಕೊಡುವ ಡಿಸೈನರ್, ಫ್ರೀಲಾನ್ಸರ್. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು. ಪ್ರವಾಸದ ವ್ಯಾಪಾರ ಮಾಡುವ ಗ್ರಾಹಕರೊಬ್ಬರು ಹೊಸ ಸೈಟಿಗೆ ಅಂತ 14 ಚಿತ್ರಗಳ ಫೋಲ್ಡರ್ ಕಳಿಸಿದ್ದಾರೆ. ಎಲ್ಲವೂ ಗೂಗಲ್‌ನಲ್ಲಿ ಹುಡುಕಿ ಇಳಿಸಿಕೊಂಡವು. ಒಂದರ ಮೂಲೆಯಲ್ಲಿ ವಾಟರ್‌ಮಾರ್ಕ್, ಅಂದರೆ ಇದು ಇಂಥವರದ್ದು ಅಂತ ಚಿತ್ರದ ಮೇಲೇ ಹಾಕುವ ಗುರುತು, ಮಸುಕಾಗಿ ಕಾಣುತ್ತಿದೆ. ಇದೇನು ಎಂದು ಕೇಳಿದರೆ "ಎಲ್ಲರೂ ಹಾಕ್ತಾರೆ, ನೀವೂ ಹಾಕಿ, ಏನಾದರೂ ಬಂದರೆ ನಾನು ನೋಡ್ಕೋತೀನಿ" ಎಂದರಂತೆ. ಬೇಕಿದ್ದರೆ ಕೆಳಗೆ 'ಚಿತ್ರಕೃಪೆ: ಅಂತರ್ಜಾಲ' ಅಂತ ಸೇರಿಸಿ ಎಂದೂ ಹೇಳಿದರಂತೆ. ಓದುಗರ ಪ್ರಶ್ನೆ ಹೀಗಿದೆ: "ನಾನು ಡಿಸೈನರ್, ಪೊಲೀಸ್ ಅಲ್ಲ. ಹಾಕಲ್ಲ ಅಂದರೆ ಕೆಲಸ ಬೇರೆಯವರ ಪಾಲಾಗುತ್ತದೆ. ಚಿತ್ರಗಳ ಹೊಣೆಯೆಲ್ಲ ಗ್ರಾಹಕರದ್ದು ಎಂದು ಒಪ್ಪಂದದಲ್ಲಿ ಒಂದು ಸಾಲು ಬರೆಸಿಕೊಂಡರೆ ನಾನು ಪಾರಾಗುತ್ತೇನಾ?"

ಮೊದಲು ನಿಮ್ಮ ಗ್ರಾಹಕರ ಪರವಾಗಿ ಎರಡು ಮಾತು ಹೇಳಿಬಿಡುತ್ತೇನೆ. ಅವರು ಕಳ್ಳರಲ್ಲ. ವ್ಯಾಪಾರ ಶುರು ಮಾಡಿದವರಿಗೆ ಖರ್ಚು ನೂರೆಂಟು, ಚಿತ್ರಕ್ಕೂ ದುಡ್ಡು ಕೊಡಬೇಕು ಅನ್ನೋದೇ ಹಲವರಿಗೆ ಗೊತ್ತಿರುವುದಿಲ್ಲ. ಮೌಸ್ ಒತ್ತಿದರೆ ಬರುವ ವಸ್ತು ಇನ್ನೊಬ್ಬರದು ಅಂತ ಮನಸ್ಸಿಗೆ ತೋಚುವುದೂ ಕಷ್ಟ. ಒಪ್ಪಿದೆ.

ಆದರೆ ನಿಮಗೆ ತೋಚಿದೆ, ಅಲ್ವಾ? ವಾಟರ್‌ಮಾರ್ಕ್ ಕಂಡಿದ್ದು ನಿಮ್ಮ ಕಣ್ಣಿಗೆ. ಅದಕ್ಕೇ ಪತ್ರ ಬರೆದಿರಿ. ಅದು ನನಗೆ ತುಂಬಾ ಇಷ್ಟವಾಯಿತು, ಎಷ್ಟೋ ಜನ ಆ ಮೂಲೆಯನ್ನು ಕತ್ತರಿಸಿ ಹಾಕಿ ಮುಂದೆ ಹೋಗುತ್ತಾರೆ. ಬೇಜಾರಾಗಿದ್ದು ಆಮೇಲಿನ ಮಾತಿಗೆ. ಇಡೀ ಪತ್ರದಲ್ಲಿ ಗ್ರಾಹಕರು ಏನಂದುಕೊಳ್ತಾರೆ, ನನಗೇನಾಗುತ್ತೆ ಅಂತ ಇದೆ. ಆ ಚಿತ್ರ ತೆಗೆದವರು ಯಾರು ಅನ್ನೋ ಪ್ರಶ್ನೆ ಒಂದು ಕಡೆಯೂ ಇಲ್ಲ.

ನೀವು ಕೇಳಿದ್ದಕ್ಕೆ ಉತ್ತರ: ಆ ಸಾಲು ಬರೆಸಿಕೊಳ್ಳಿ, ಖಂಡಿತ ಬೇಕು. ಕೊಟ್ಟ ಚಿತ್ರ, ಬರಹ ಎಲ್ಲಕ್ಕೂ ಹಕ್ಕು ನನ್ನ ಹತ್ತಿರ ಇದೆ, ತಕರಾರು ಬಂದರೆ ಅದರ ಖರ್ಚು ನನ್ನದು ಅಂತ ಗ್ರಾಹಕರು ಸಹಿ ಹಾಕಲಿ. ಆದರೆ ಅದು ನಿಮ್ಮಿಬ್ಬರ ನಡುವಿನ ಮಾತು. ಚಿತ್ರ ತೆಗೆದವರು ಆ ಕಾಗದಕ್ಕೆ ಸಹಿ ಹಾಕಿಲ್ಲ. ನೋಟಿಸ್ ಸಾಮಾನ್ಯವಾಗಿ ಸೈಟಿನ ಮಾಲೀಕರಿಗೆ ಹೋಗುತ್ತದೆ, ನಿಜ. ಆದರೆ ಫೈಲನ್ನು ಸರ್ವರಿಗೆ ಏರಿಸಿದ ಕೈ ನಿಮ್ಮದು. ನಿಮ್ಮನ್ನೂ ಕೇಳುವ ದಾರಿ ಅವರಿಗೆ ಇದ್ದೇ ಇರುತ್ತದೆ. ಆಗ ನೀವು ತೆತ್ತು, ಆಮೇಲೆ ಗ್ರಾಹಕರ ಹಿಂದೆ ಓಡಾಡಿ ವಸೂಲಿ ಮಾಡಬೇಕು. ಅಷ್ಟರಲ್ಲಿ ಆ ಗ್ರಾಹಕರು ಫೋನ್ ಎತ್ತದೆ ಹೋದರೆ? ಇನ್ನೊಂದು ವಿಷಯ. ಗೊತ್ತಿರಲಿಲ್ಲ ಅನ್ನೋದು ತಪ್ಪನ್ನು ಅಳಿಸುವುದಿಲ್ಲ, ಹೆಚ್ಚೆಂದರೆ ಅದರ ಭಾರ ಸ್ವಲ್ಪ ಇಳಿಸಬಹುದು. ವಾಟರ್‌ಮಾರ್ಕ್ ನೋಡಿದ ಮೇಲೆ ನಿಮಗೆ ಅದೂ ಇಲ್ಲ.

ಈಗ ನನ್ನ ಹಳೇ ನೋವಿಗೆ ಬರುತ್ತೇನೆ. 'ಚಿತ್ರಕೃಪೆ: ಅಂತರ್ಜಾಲ.' ಈ ಎರಡು ಪದ ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ. ಅಂತರ್ಜಾಲ ಅಂತ ಒಬ್ಬ ಮನುಷ್ಯ ಇಲ್ಲ. ಅವನು ಬೆಳಗಿನ ಜಾವ ಎದ್ದು ಬೆಳಕಿಗಾಗಿ ಕಾಯಲಿಲ್ಲ. ಕ್ಯಾಮೆರಾಕ್ಕೆ ಸಾಲ ಮಾಡಲಿಲ್ಲ. ಕೃಪೆ ಮಾಡಿದವರು ಬೇರೆ ಯಾರೋ, ಅದೂ ಅವರಿಗೆ ಗೊತ್ತಿಲ್ಲದಂತೆ. ಕೇಳದೆ ತೆಗೆದುಕೊಂಡದ್ದಕ್ಕೆ ಕೃಪೆ ಅಂತ ಹೆಸರಿಡುವುದು ಎಷ್ಟು ಸರಿ, ನೀವೇ ಹೇಳಿ.

ಇದನ್ನು ನಾನು ಕಲಿತದ್ದು ನಾವೇ ಮಾಡಿದ ತಪ್ಪಿನಿಂದ. ಪತ್ರಿಕೆಗೆ ಬಂದ ಹೊಸದರಲ್ಲಿ ಒಂದು ಲೇಖನಕ್ಕೆ ಚಿತ್ರ ಬೇಕಿತ್ತು. ಸಿಕ್ಕಿದ್ದನ್ನು ಹಾಕಿದೆವು, ಹೆಸರಿಲ್ಲದೆ. ಸಂಚಿಕೆ ಬಂದ ವಾರಕ್ಕೆ ವಯಸ್ಸಾದವರೊಬ್ಬರು ಕಚೇರಿಗೆ ಬಂದರು. ಜಗಳ ಆಡಲಿಲ್ಲ. ಜೇಬಿನಿಂದ ಒಂದು ಲಕೋಟೆ ತೆಗೆದು ಅದರೊಳಗಿನ ನೆಗೆಟಿವ್ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. "ಇದು ನಾನು ತೆಗೆದದ್ದು, ಒಂದು ಮಾತು ಕೇಳಿದ್ದರೆ ಇನ್ನೂ ಚೆನ್ನಾಗಿರೋ ಪ್ರಿಂಟ್ ಕೊಡ್ತಿದ್ದೆ" ಎಂದರು. ಅಷ್ಟೇ. ಸಂಭಾವನೆ ಕೊಟ್ಟೆವು, ಮುಂದಿನ ಸಂಚಿಕೆಯಲ್ಲಿ ಹೆಸರು ಹಾಕಿ ಕ್ಷಮೆ ಕೇಳಿದೆವು. ಆದರೂ ಆ ನೆಗೆಟಿವ್ ಹಿಡಿದ ಕೈ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ವಿಂಡೋಸ್ ಎಕ್ಸ್‌ಪಿ ತೆರೆದಾಗ ಬರುತ್ತಿದ್ದ ಹಸಿರು ಗುಡ್ಡ, ನೀಲಿ ಆಕಾಶ ನೆನಪಿದೆಯಾ? ಅದನ್ನು ಕಂಪ್ಯೂಟರ್‌ನಲ್ಲಿ ಮಾಡಿದ್ದು ಎಂದೇ ಎಷ್ಟೋ ಜನ ನಂಬಿದ್ದರು. ಅಲ್ಲ. ಚಾರ್ಲ್ಸ್ ಓರಿಯರ್ ಅನ್ನುವ ಫೋಟೋಗ್ರಾಫರ್ 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಕಾರು ನಿಲ್ಲಿಸಿ, ಮಳೆ ನಿಂತ ಮೇಲಿನ ಆ ಬೆಳಕಿನಲ್ಲಿ, ಫಿಲಂ ಮೇಲೆ ತೆಗೆದದ್ದು. ಮೈಕ್ರೋಸಾಫ್ಟ್ ಅದನ್ನು ದುಡ್ಡು ಕೊಟ್ಟು ಕೊಂಡಿತು. ಮೂಲ ಫಿಲಂಗೆ ಕೊರಿಯರ್‌ನವರು ವಿಮೆ ಮಾಡಲು ಒಪ್ಪದೆ ತಾವೇ ವಿಮಾನದಲ್ಲಿ ಒಯ್ದು ಕೊಟ್ಟೆ ಎಂದು ಅವರು ಹೇಳಿಕೊಂಡಿದ್ದಾರೆ. ಜಗತ್ತಿನಲ್ಲಿ ಅತಿ ಹೆಚ್ಚು ಜನ ನೋಡಿದ ಚಿತ್ರಗಳಲ್ಲಿ ಅದೂ ಒಂದು. ತೆಗೆದವರ ಹೆಸರು ಎಷ್ಟು ಜನಕ್ಕೆ ಗೊತ್ತು? ದುಡ್ಡು ಕೊಟ್ಟು ಕೊಂಡ ಚಿತ್ರದ ಕತೆಯೇ ಹೀಗಿದ್ದರೆ, ಕೇಳದೆ ಎತ್ತಿಕೊಂಡದ್ದರ ಪಾಡು ಏನು?

ಅದಕ್ಕೂ ಒಂದು ಕತೆ ಇದೆ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ಅಲ್ಲಿನವರೇ ಆದ ಡೇನಿಯಲ್ ಮೊರೆಲ್ ಕುಸಿದ ಊರಿನಲ್ಲಿ ಓಡಾಡಿ ಚಿತ್ರ ತೆಗೆದು ಟ್ವಿಟರ್‌ನಲ್ಲಿ ಹಂಚಿಕೊಂಡರು. ಇನ್ನೊಬ್ಬರು ಅವನ್ನು ತಮ್ಮದೆಂಬಂತೆ ಹಾಕಿಕೊಂಡರು. ಎಎಫ್‌ಪಿ ಸುದ್ದಿಸಂಸ್ಥೆ ಅಲ್ಲಿಂದ ಎತ್ತಿಕೊಂಡಿತು, ಗೆಟ್ಟಿ ಇಮೇಜಸ್ ಮೂಲಕ ಅವು ಜಗತ್ತಿಗೆಲ್ಲ ಹೋದವು, ತಪ್ಪು ಹೆಸರಿನಲ್ಲಿ. ಮೊರೆಲ್ ಆಕ್ಷೇಪಿಸಿದಾಗ ಮೊದಲು ಕೋರ್ಟಿಗೆ ಹೋದದ್ದು ಸುದ್ದಿಸಂಸ್ಥೆಯೇ! ಟ್ವಿಟರ್‌ನಲ್ಲಿ ಹಾಕಿದ ಮೇಲೆ ನಾವೂ ಬಳಸಬಹುದು ಅನ್ನೋದು ಅವರ ವಾದ. ಕೋರ್ಟ್ ಒಪ್ಪಲಿಲ್ಲ. 2013ರ ನವೆಂಬರಿನಲ್ಲಿ ನ್ಯೂಯಾರ್ಕಿನ ಜ್ಯೂರಿ ಎಂಟು ಚಿತ್ರಗಳಿಗೆ 12 ಲಕ್ಷ ಡಾಲರ್ ಕೊಡಿ ಎಂದಿತು. ದಿನವೂ ಚಿತ್ರದ ಹಕ್ಕನ್ನೇ ಮಾರಿ ಬದುಕುವ ಸಂಸ್ಥೆಗಳೇ ಇಲ್ಲಿ ಎಡವಿದವು. ನಿಮ್ಮ ಗ್ರಾಹಕರ "ನಾನು ನೋಡ್ಕೋತೀನಿ" ಎಷ್ಟು ದೂರ ಬರುತ್ತದೆ?

ಹೆಸರು ಹಾಕಿದರೆ ಸಾಕು ಅನ್ನುವವರಿಗೆ ಜರ್ಮನಿಯ ಒಂದು ಶಾಲೆಯ ಪ್ರಕರಣ ಹೇಳಬೇಕು. ಕೊರ್ಡೋಬಾ ನಗರದ ಚಿತ್ರವನ್ನು ಒಬ್ಬ ಫೋಟೋಗ್ರಾಫರ್ ಒಂದು ಪ್ರವಾಸ ಸೈಟಿಗೆ ಮಾತ್ರ ಕೊಟ್ಟಿದ್ದರು. ವಿದ್ಯಾರ್ಥಿಯೊಬ್ಬರು ಅದನ್ನು ಪಾಠದ ಕೆಲಸಕ್ಕೆ ಇಳಿಸಿಕೊಂಡು, ಎಲ್ಲಿ ಸಿಕ್ಕಿತು ಅಂತ ಕೆಳಗೆ ಬರೆದೂ ಇದ್ದರು. ಶಾಲೆ ಅದನ್ನು ತನ್ನ ವೆಬ್‌ಸೈಟಿಗೆ ಏರಿಸಿತು. 2018ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿದ್ದು: ಮೊದಲ ಸೈಟಿನಲ್ಲಿ ಯಾರು ಬೇಕಾದರೂ ನೋಡುವಂತಿದ್ದರೂ, ಇನ್ನೊಂದು ಸೈಟಿಗೆ ಏರಿಸಲು ಹೊಸದಾಗಿ ಅನುಮತಿ ಬೇಕು. ನೋಡಲು ಬಿಟ್ಟದ್ದು ಬೇರೆ, ಒಯ್ಯಲು ಬಿಟ್ಟದ್ದು ಬೇರೆ. ನಿಮ್ಮ ಗ್ರಾಹಕರದ್ದೂ ಪ್ರವಾಸದ ಸೈಟೇ, ಇದನ್ನು ಅವರಿಗೆ ಹೇಳಿ ನೋಡಿ.

ಇನ್ನು ಸಣ್ಣಪುಟ್ಟ ತಪ್ಪು ನಂಬಿಕೆಗಳು, ಬೇಗ ಮುಗಿಸುತ್ತೇನೆ. ಕಾಪಿರೈಟ್ ಗುರುತು ಇಲ್ಲದ ಚಿತ್ರ ಯಾರದ್ದೂ ಅಲ್ಲ ಅನ್ನೋದು ಸುಳ್ಳು. ಕಾಪಿರೈಟ್ ಬಗ್ಗೆ ದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದವನ್ನು 1908ರಲ್ಲಿ ತಿದ್ದಿದಾಗಲೇ ಅರ್ಜಿ, ನೋಂದಣಿ ಯಾವುದೂ ಇಲ್ಲದೆ ಹಕ್ಕು ತಾನಾಗಿ ಬರುತ್ತದೆ ಅಂತ ಆಯಿತು, ಇವತ್ತು ಜಗತ್ತಿನ ಬಹುಪಾಲು ದೇಶಗಳು ಅದರಲ್ಲಿವೆ. ಬಣ್ಣ ಬದಲಿಸಿ, ಎಡಬಲ ತಿರುಗಿಸಿ ಹಾಕಿದರೆ ನಮ್ಮದಾಗುತ್ತದೆ ಅನ್ನೋದೂ ಸುಳ್ಳು. ರಾಯಲ್ಟಿ ಫ್ರೀ ಅಂದರೆ ಪುಕ್ಕಟೆ ಅಲ್ಲ. ಒಂದು ಸಲ ದುಡ್ಡು ಕೊಟ್ಟರೆ ಬಳಸಿದಷ್ಟು ಸಲ ಕೊಡಬೇಕಾಗಿಲ್ಲ ಅಂತ ಅಷ್ಟೇ. ಕ್ರಿಯೇಟಿವ್ ಕಾಮನ್ಸ್ ಅಂದರೆ ತೆಗೆದವರೇ ಷರತ್ತು ಹಾಕಿ ಬಳಸಲು ಬಿಟ್ಟದ್ದು, ಅದರಲ್ಲೂ ಆರು ಬಗೆಯ ಲೈಸೆನ್ಸ್ ಇವೆ. 'ನಾನ್ ಕಮರ್ಷಿಯಲ್' ಅಂತ ಇದ್ದದ್ದನ್ನು ವ್ಯಾಪಾರದ ಸೈಟಿಗೆ ಹಾಕುವಂತಿಲ್ಲ.

ಲೈಸೆನ್ಸ್ ಇದ್ದರೂ ಚಿತ್ರದಲ್ಲಿರುವ ಮನುಷ್ಯರನ್ನು ಮರೆಯಬಾರದು. 2007ರಲ್ಲಿ ಆಸ್ಟ್ರೇಲಿಯಾದ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಅಮೆರಿಕದ ಹದಿಹರೆಯದ ಹುಡುಗಿಯೊಬ್ಬಳ ಮುಖ ಬಂತು. ಚಿತ್ರ ಫೋಟೋ ಹಂಚುವ ಸೈಟಾದ ಫ್ಲಿಕರ್‌ನಿಂದ ಎತ್ತಿದ್ದು, ವ್ಯಾಪಾರಕ್ಕೂ ಬಳಸಬಹುದಾದ ಲೈಸೆನ್ಸ್ ಇತ್ತು. ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಮನೆಯವರು ಕೋರ್ಟಿಗೆ ಹೋದರು. ಆ ಕೋರ್ಟಿಗೆ ಅಧಿಕಾರವಿಲ್ಲ ಅನ್ನೋ ಕಾರಣಕ್ಕೆ ಕೇಸು ಬಿದ್ದುಹೋಯಿತು, ನಿಜ. ಆದರೆ ಆ ಮಗುವಿಗೆ ಹೇಗನಿಸಿರಬೇಡ? ಅದಕ್ಕೇ ಮುಖ ಗುರುತು ಸಿಗುವ ಚಿತ್ರವಾದರೆ ಮಾಡೆಲ್ ರಿಲೀಸ್, ಅಂದರೆ ಚಿತ್ರದಲ್ಲಿರುವವರು ಬರೆದುಕೊಟ್ಟ ಒಪ್ಪಿಗೆ, ಇದೆಯಾ ಅಂತ ನೋಡಿ.

ಸರಿ, ನೀವೇನು ಮಾಡಬೇಕು? ನನ್ನ ಪ್ರಕಾರ ನಿಮ್ಮ ತೊಂದರೆ ಶುರುವಾದದ್ದು ಫೋಲ್ಡರ್ ಬಂದಾಗ ಅಲ್ಲ. ಕೊಟೇಶನ್ ಕೊಟ್ಟ ದಿನ. ಅದರಲ್ಲಿ ಡಿಸೈನ್‌ಗೆ ಇಷ್ಟು, ಹೋಸ್ಟಿಂಗ್‌ಗೆ ಇಷ್ಟು, ಡೊಮೇನ್‌ಗೆ ಇಷ್ಟು ಅಂತ ಬರೆದಿರಿ. ಚಿತ್ರಕ್ಕೆ ಅಂತ ಒಂದು ಸಾಲು ಇತ್ತಾ? ಇರಲಿಲ್ಲ ಅಂತ ನನ್ನ ಊಹೆ. ಚಿತ್ರಕ್ಕೆ ಬೆಲೆಯೇ ಇಲ್ಲ ಅಂತ ಗ್ರಾಹಕರಿಗೆ ಕಲಿಸಿದ್ದು ಹಾಗಾದರೆ ಯಾರು? ಆ ಸಾಲು ಮೊದಲ ದಿನವೇ ಇದ್ದಿದ್ದರೆ ಅವರು ಬೈಯಬಹುದಿತ್ತು, ಚೌಕಾಸಿ ಮಾಡಬಹುದಿತ್ತು, ಆದರೆ ಚಿತ್ರ ಪುಕ್ಕಟೆ ಅಂದುಕೊಳ್ಳುತ್ತಿರಲಿಲ್ಲ. ಮುಂದಿನ ಕೆಲಸದಿಂದಲಾದರೂ ಬರೆಯಿರಿ. ಚಿತ್ರ ಬರುವ ತನಕ ಲೇಔಟಿನಲ್ಲಿ ಬೂದು ಬಣ್ಣದ ಚೌಕ ಇಡಿ. ತಾತ್ಕಾಲಿಕವಾಗಿ ಇರಲಿ ಅಂತ ಹಾಕಿದ ಚಿತ್ರ ಹಾಗೇ ಸೈಟಿನ ಜೊತೆ ಹೊರಗೆ ಹೋಗಿಬಿಡುತ್ತದೆ.

ಚಿತ್ರ ಕೊಂಡರೆ ಲೈಸೆನ್ಸ್ ಗ್ರಾಹಕರ ಹೆಸರಿನಲ್ಲೇ ಇರಲಿ. ಒಬ್ಬರಿಗೆ ಕೊಂಡದ್ದನ್ನು ಇನ್ನೊಬ್ಬರ ಸೈಟಿಗೂ ಹಾಕಬಹುದು ಅಂದುಕೊಳ್ಳಬೇಡಿ, ಷರತ್ತು ಓದಿ. ಪುಕ್ಕಟೆ ಸಿಗುವ ಕಡೆಯಿಂದ ತೆಗೆದುಕೊಂಡರೆ ಅವತ್ತಿನ ಷರತ್ತಿನ ಸ್ಕ್ರೀನ್‌ಶಾಟ್ ತಾರೀಖಿನ ಸಮೇತ ಇಟ್ಟುಕೊಳ್ಳಿ. ಷರತ್ತು ಬದಲಾಗುತ್ತದೆ, ಪುಕ್ಕಟೆ ಚಿತ್ರ ಕೊಡುವ ಅನ್‌ಸ್ಪ್ಲಾಶ್ ಸೈಟ್ 2017ರಲ್ಲಿ ಬದಲಿಸಿತು. ಅನುಮಾನ ಬಂದ ಚಿತ್ರವನ್ನು ಟಿನ್‌ಐನಲ್ಲೋ ಗೂಗಲ್ ಇಮೇಜ್ ಹುಡುಕಾಟದಲ್ಲೋ ಹಾಕಿ ನೋಡಿ, ಎರಡು ನಿಮಿಷದ ಕೆಲಸ. ನೆನಪಿಡಿ, ನೀವು ಹುಡುಕುವ ಹಾಗೇ ಚಿತ್ರದ ಮಾಲೀಕರೂ ಹುಡುಕುತ್ತಾರೆ. ಆಮೇಲೆ ತೆಗೆದು ಹಾಕಿದರೂ ಅಲ್ಲಿಯ ತನಕ ಬಳಸಿದ್ದರ ಲೆಕ್ಕ ಹಾಗೇ ಇರುತ್ತದೆ.

ಎಲ್ಲಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಗ್ರಾಹಕರ ಹತ್ತಿರ ಅವರದ್ದೇ ಚಿತ್ರಗಳು ಇರುತ್ತವೆ, ಕೇಳಬೇಕು ಅಷ್ಟೇ. ಇವರು ಜನರನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವವರು. ಫೋನಿನಲ್ಲಿ ಚಿತ್ರ ತುಂಬಿರುತ್ತವೆ. ಜೊತೆಗೆ ಹೋದವರನ್ನು ಕೇಳಿ, ಒಪ್ಪಿಗೆ ತಗೊಂಡು ಹಾಕಿದರೆ, ಸ್ವಲ್ಪ ಓರೆಯಾಗಿದ್ದರೂ ಅದು ಅವರ ಪ್ರವಾಸ, ಅವರ ಜನ. ಇಲ್ಲದಿದ್ದರೆ ಒಬ್ಬ ಫೋಟೋಗ್ರಾಫರನ್ನು ಒಂದು ದಿನಕ್ಕೆ ಕರೆಸಿ. ನಿಮ್ಮ ಹಾಗೇ ಫ್ರೀಲಾನ್ಸರ್ ಆಗಿರುವ ಎಷ್ಟೋ ಜನ ಕೆಲಸಕ್ಕೆ ಕಾಯುತ್ತಿದ್ದಾರೆ.

ಹಾಂ, ಈ ಮಾತು ನಿಮಗೆ ನಾಟಬೇಕು. ನೀವು ಮಾಡಿದ ಡಿಸೈನನ್ನು ಯಾರಾದರೂ ಹಾಗೇ ನಕಲು ಮಾಡಿ "ನೆಟ್‌ನಲ್ಲಿತ್ತು" ಅಂದರೆ ನಿಮಗೆ ಉರಿಯುವುದಿಲ್ವಾ? ಬರೆಯುವವರ, ಬಿಡಿಸುವವರ, ಹಾಡುವವರ, ಚಿತ್ರ ತೆಗೆಯುವವರ ಕೆಲಸವನ್ನು ಎಲ್ಲರೂ ಮೆಚ್ಚುತ್ತಾರೆ, ಹಂಚುತ್ತಾರೆ. ದುಡ್ಡಿನ ಮಾತು ಬಂದಾಗ ಮಾತ್ರ ಅದು ಸುಮ್ನೆ ಸಿಗುವ ವಸ್ತು. ನಮ್ಮ ಪತ್ರಿಕೆಗೇ ದಿನವೂ ಲೇಖನಗಳ ಜೊತೆ ಚಿತ್ರ ಬರುತ್ತವೆ. ಯಾರು ತೆಗೆದದ್ದು ಅಂತ ತಿರುಗಿ ಕೇಳಿದರೆ ಒಳ್ಳೊಳ್ಳೆಯ ಲೇಖಕರೂ "ನೆಟ್‌ನಲ್ಲಿ ಸಿಕ್ತು" ಅಂತಾರೆ. ತಮ್ಮ ಲೇಖನದಲ್ಲಿ ಒಂದು ಅಕ್ಷರ ಬದಲಾದರೆ ಫೋನ್ ಮಾಡಿ ಕೇಳುವವರು ಅವರೇ. ಇದನ್ನು ನೋಡಿ ನೋಡಿ ಸಾಕಾಗಿದೆ.

ಕೆಲಸ ಕೈಬಿಡುವ ಭಯ ನಿಮ್ಮದು. ಬಿಡಲೂಬಹುದು, ಸುಳ್ಳು ಧೈರ್ಯ ಹೇಳಲ್ಲ. ಆದರೆ ಕೇಳುವ ರೀತಿ ಬದಲಿಸಿ ನೋಡಿ. "ಇದು ತಪ್ಪು" ಅನ್ನಬೇಡಿ. "ಸರ್, ಇದನ್ನು ತೆಗೆದವರು ಯಾರು ಅಂತ ಗೊತ್ತಾದರೆ ಇವತ್ತೇ ಹಾಕ್ತೀನಿ" ಅನ್ನಿ. ಫೋನಿನಲ್ಲಿ ಬೇಡ, ಇಮೇಲಿನಲ್ಲಿ ಬರೆಯಿರಿ, ಉತ್ತರ ಉಳಿಸಿಕೊಳ್ಳಿ. ಅಷ್ಟಾದರೂ ಆ 14ನ್ನೇ ಹಾಕಿ ಎಂದು ಹಟ ಹಿಡಿದರೆ, ಆ ಪುಟ ಮಾತ್ರ ನಾನು ಏರಿಸುವುದಿಲ್ಲ ಅಂತ ಬರೆದು ಉಳಿದ ಕೆಲಸ ಮುಗಿಸಿ ಕೊಡಿ.

ಆ ವಾಟರ್‌ಮಾರ್ಕ್ ಇರುವ ಚಿತ್ರ ಇನ್ನೂ ನಿಮ್ಮ ಹತ್ತಿರ ಇದೆ ಅಲ್ವಾ? ದೊಡ್ಡದು ಮಾಡಿ ಓದಿ, ಬಹುಶಃ ಅಲ್ಲೊಂದು ಹೆಸರಿರುತ್ತದೆ. ಅವರಿಗೆ ಬರೆಯಿರಿ. ಸೈಟ್ ಇಂಥದ್ದು, ಈ ಅಳತೆಯಲ್ಲಿ, ಇಷ್ಟು ಕಾಲ ಬೇಕು, ಎಷ್ಟಾಗುತ್ತದೆ ಅಂತ ಕೇಳಿ. ಅವರ ಉತ್ತರವನ್ನು ಹಾಗೇ ಗ್ರಾಹಕರಿಗೆ ಕಳಿಸಿ. ಏನಾಯಿತು ಅಂತ ನನಗೂ ಒಂದು ಪತ್ರ ಹಾಕಿ.