ಓದುಗರ ಪ್ರಶ್ನೆ: 20 ವರ್ಷದ ರಸ್ತೆ ಯೋಜನೆಗೆ ನಮ್ಮ ಮಾತು ಯಾರು ಕೇಳುತ್ತಾರೆ?

ಪ್ರಶ್ನೆ: ಸರ್, ಮಾಸ್ಟರ್ ಪ್ಲಾನ್, ಮುಂದಿನ 20 ವರ್ಷದ ಸಂಚಾರ ಯೋಜನೆ ಅಂತ ಆಗಾಗ ಪೇಪರಿನಲ್ಲಿ ಬರುತ್ತದೆ. ಕೆಳಗೆ ಸಣ್ಣದಾಗಿ ‘ಸಾರ್ವಜನಿಕರು ಅಭಿಪ್ರಾಯ ತಿಳಿಸಬಹುದು’ ಅಂತಲೂ ಇರುತ್ತದೆ. ನಾವು ಬರೆದರೆ ಯಾರಾದರೂ ಓದುತ್ತಾರಾ? ಅಥವಾ ಎಲ್ಲ ಮುಗಿಸಿಕೊಂಡು ಸುಮ್ನೆ ಕೇಳುತ್ತಾರಾ?
– ಓದುಗರು, ನವನಗರ, ಹುಬ್ಬಳ್ಳಿ

ಉತ್ತರ: ಓದಲೇಬೇಕು ಅಂತ ಕಾನೂನಿದೆ. ಒಪ್ಪಲೇಬೇಕು ಅಂತ ಇಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಮಾಸ್ಟರ್ ಪ್ಲಾನ್ ಕರಡು ಪ್ರಕಟವಾದ ಮೇಲೆ ಜನರಿಗೆ 60 ದಿನ ಸಮಯ ಇರುತ್ತದೆ. ಅಷ್ಟರೊಳಗೆ ಲಿಖಿತವಾಗಿ ಬಂದದ್ದನ್ನು ಯೋಜನಾ ಪ್ರಾಧಿಕಾರ, ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಾದರೆ ಹುಡಾ (ನಗರಾಭಿವೃದ್ಧಿ ಪ್ರಾಧಿಕಾರ), ಪರಿಶೀಲಿಸಿ ತನ್ನ ಶಿಫಾರಸಿನ ಜೊತೆ ಸರ್ಕಾರಕ್ಕೆ ಕಳಿಸಬೇಕು. ಲಿಖಿತವಾಗಿ ಅಂದೆ, ನೆನಪಿರಲಿ. ವಾಟ್ಸಾಪ್ ಗ್ರೂಪಿನಲ್ಲಿ ಬೈದದ್ದು, ಮದುವೆ ಮನೆಯಲ್ಲಿ ಶಾಸಕರು ಸಿಕ್ಕಾಗ ಹೇಳಿದ್ದು ಆ ಫೈಲಿಗೆ ಸೇರುವುದಿಲ್ಲ. ಅರ್ಜಿ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಆದರೆ ಕರಡು ಹೊರಬರುವ ಹೊತ್ತಿಗೆ ಅರ್ಧ ತೀರ್ಮಾನ ಆಗಿಹೋಗಿರುತ್ತದೆ, ಅದೂ ನಿಜ. ಸಂಚಾರ ಯೋಜನೆ ಶುರುವಾಗುವುದು ಸರ್ವೆಯಿಂದ. ಮನೆಮನೆಗೆ ಬಂದು ಯಾರು ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವುದರಲ್ಲಿ ಹೋಗುತ್ತಾರೆ ಅಂತ ಕೇಳುತ್ತಾರೆ. ಸರ್ಕಲ್‌ನಲ್ಲಿ ನಿಂತು ಗಾಡಿ ಎಣಿಸುತ್ತಾರೆ. ಆ ಲೆಕ್ಕವನ್ನೇ 20 ವರ್ಷ ಮುಂದಕ್ಕೆ ಬೆಳೆಸಿ ಎಲ್ಲಿ ರಸ್ತೆ ಅಗಲ ಮಾಡಬೇಕು, ಎಲ್ಲಿ ಬಸ್ ಹಾಕಬೇಕು ಅಂತ ನೋಡುತ್ತಾರೆ. ಸರ್ವೆ ಹುಡುಗ ಬಾಗಿಲು ಬಡಿದಾಗ ನಾವು “ಮನ್ಯಾಗ ಯಾರೂ ಇಲ್ರಿ” ಅಂತ ಕಳಿಸಿಬಿಡುತ್ತೇವೆ. ಇಲ್ಲವೆಂದರೆ ಮನೆಯ ಯಜಮಾನರು ತಮ್ಮ ಬೈಕಿನ ಓಡಾಟ ಒಂದೇ ಹೇಳಿ ಮುಗಿಸುತ್ತಾರೆ. ಹೆಂಡತಿ ಸ್ಟಾಪ್ ತನಕ ನಡೆದು, ಬಸ್ ಹತ್ತಿ, ದುರ್ಗದಬೈಲಿಗೆ ಹೋಗಿ ಚೀಲ ಹೊತ್ತು ಬರುವುದು, ಮಗಳು ಎರಡು ಬಸ್ ಬದಲಿಸಿ ಕಾಲೇಜಿಗೆ ಹೋಗುವುದು ಲೆಕ್ಕಕ್ಕೇ ಬರುವುದಿಲ್ಲ. ಆಮೇಲೆ ಪ್ಲಾನಿನಲ್ಲಿ ಫುಟ್‌ಪಾತ್ ಯಾಕಿಲ್ಲ ಅಂತ ಕೇಳಿದರೆ, ಅಲ್ಲಿ ನಡೆಯುವವರು ಇದ್ದಾರೆ ಅಂತ ಅವರಿಗೆ ಹೇಳಿದವರು ಯಾರು?

ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಬಿಆರ್‌ಟಿಎಸ್ ಬಸ್, ನಮ್ಮ ಚಿಗರಿಯನ್ನೇ ತಗೊಳ್ಳಿ. 2018ರಲ್ಲಿ ಬಸ್ ಓಡತೊಡಗಿದ ಮೇಲೆ ಊರಲ್ಲಿ ಜೋರು ಚರ್ಚೆ ಶುರುವಾಯಿತು, ಇನ್ನೂ ನಿಂತಿಲ್ಲ. ಪರ ಇರಲಿ ವಿರೋಧ ಇರಲಿ, ಸುಮಾರು 22 ಕಿ.ಮೀ. ಹಾದಿಯ ಬಹುತೇಕ ಕಡೆ ಬಸ್ಸಿನ ದಾರಿ, ನಿಲ್ದಾಣ ರಸ್ತೆಯ ನಡುವೆಯೇ ಬರಬೇಕು ಅನ್ನುವುದು ಅದಕ್ಕೆ ಎಷ್ಟೋ ವರ್ಷ ಮೊದಲೇ ನಕ್ಷೆಯಲ್ಲಿತ್ತು. ಕಾಂಕ್ರೀಟ್ ಬಿದ್ದ ಮೇಲೆ ಸ್ವಲ್ಪ ಆಕಡೆ ಸರಿಸಿ ಅಂದರೆ ಆಗುತ್ತಾ?

ಇನ್ನು ಏನು ಬರೆಯಬೇಕು ಅನ್ನುವುದು. “ಟ್ರಾಫಿಕ್ ಜಾಸ್ತಿ, ಫ್ಲೈಓವರ್ ಬೇಕು” ಅಂತ ಬರೆದರೆ ಓದುವವರಿಗೆ ಹೊಸದೇನೂ ಸಿಗುವುದಿಲ್ಲ. ಅದರ ಬದಲು “ನಮ್ಮ ಬಡಾವಣೆಯಿಂದ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾಕ್ಕೆ ಬೆಳಗಿನ ಶಿಫ್ಟಿಗೆ ಹೋಗುವವರು ಇಷ್ಟು ಜನ, ಇಂಥಲ್ಲಿ ಬಸ್ ಇಳಿದು ಟಂಟಂ ಹಿಡಿಯುತ್ತಾರೆ, ರಾತ್ರಿ ಶಿಫ್ಟ್ ಬಿಟ್ಟಾಗ ಅದೂ ಇರುವುದಿಲ್ಲ” ಅಂತ ಬರೆಯಿರಿ. ಒಂದೇ ಪತ್ರಕ್ಕೆ 500 ಸಹಿ ಹಾಕಿಸುವುದಕ್ಕಿಂತ ಹತ್ತು ಮನೆಯವರು ತಮ್ಮ ತಮ್ಮ ಓಡಾಟ ಬರೆದ ಹತ್ತು ಪತ್ರ ಜಾಸ್ತಿ ಕೆಲಸ ಮಾಡುತ್ತವೆ ಅಂತ ನನ್ನ ಲೆಕ್ಕ. ಸಹಿ ಸಂಗ್ರಹ ಮಾಡುವವರು ಬೇಜಾರಾಗಬೇಡಿ.

ಪ್ರಶ್ನೆ: ನನಗೀಗ 71. 20 ವರ್ಷದ ಯೋಜನೆಗೆ ನಾನೇನು ಬರೆಯಲಿ?
– ಹಿರಿಯ ಓದುಗರು, ಗದಗ

ಉತ್ತರ: ನೀವೇ ಮೊದಲು ಬರೆಯಬೇಕು ರೀ. ದೊಡ್ಡ ಮಳೆಗೆ ಯಾವ ರಸ್ತೆಯ ಮೇಲೆ ನೀರು ಹರಿಯುತ್ತದೆ, ಹಳೆಯ ಹಳ್ಳ ಎಲ್ಲಿತ್ತು ಅನ್ನುವುದು ಸರ್ವೆ ಹುಡುಗರಿಗೆ ಗೊತ್ತಿರುವುದಿಲ್ಲ. ಮೊಣಕಾಲು ನೋವಿದ್ದವರಿಗೆ ಬಸ್ಸಿನ ಮೆಟ್ಟಿಲು ಎಷ್ಟು ಎತ್ತರ ಅನಿಸುತ್ತದೆ ಅಂತಲೂ ಆ ಹುಡುಗರಿಗೆ ಗೊತ್ತಿರುವುದಿಲ್ಲ. ಮತ್ತೆ, 20 ವರ್ಷ ಅಂದ ಮಾತ್ರಕ್ಕೆ ಅಲ್ಲಿಯ ತನಕ ಯಾರೂ ಮುಟ್ಟುವುದಿಲ್ಲ ಅಂತಲ್ಲ. ಮಾಸ್ಟರ್ ಪ್ಲಾನನ್ನು 10 ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ ಉಚಿತವಾಯಿತು. ಅದಕ್ಕೆ ಮೊದಲು ಮಾಡಿದ ಬಸ್ ಸರ್ವೆ ಈಗ ಎಷ್ಟು ನಂಬಬಹುದು, ನೀವೇ ಹೇಳಿ.

ಪ್ರಶ್ನೆ: ನಾವು ಬ್ಯಾಡಗಿ ಕಡೆ ಮೆಣಸಿನಕಾಯಿ ಬೆಳೆಯುವವರು. ನಮಗೆ ಪ್ಲಾನು ಗೊತ್ತಾಗುವುದೇ ಹೊಲದಲ್ಲಿ ಕಲ್ಲು ನೆಟ್ಟಾಗ. ಆಗ ಏನು ಮಾಡಬೇಕು?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ರಾಷ್ಟ್ರೀಯ ಹೆದ್ದಾರಿಗೆ ಜಮೀನು ಹೋಗುವುದಾದರೆ ನಿಮಗೆ 60 ದಿನವೂ ಇಲ್ಲ. 1956ರ ಹೆದ್ದಾರಿ ಕಾಯ್ದೆಯಲ್ಲಿ ಅಧಿಸೂಚನೆ ಪ್ರಕಟವಾದ ದಿನದಿಂದ 21 ದಿನದೊಳಗೆ, ಕಾರಣ ಬರೆದು, ಲಿಖಿತ ಆಕ್ಷೇಪಣೆ ಕೊಡಬೇಕು. ಕೊಟ್ಟವರನ್ನು ಅಧಿಕಾರಿ ಕರೆದು ವಿಚಾರಣೆ ಮಾಡಬೇಕು. ಅಧಿಸೂಚನೆಯ ಸಾರಾಂಶ ಎರಡು ಪೇಪರಿನಲ್ಲಿ ಬರುತ್ತದೆ, ಒಂದು ಸ್ಥಳೀಯ ಭಾಷೆಯದ್ದು. ಊರಲ್ಲಿ ಯಾರಾದರೊಬ್ಬರು ಆ ಪುಟ ನೋಡುವ ರೂಢಿ ಇಟ್ಟುಕೊಳ್ಳಿ.

ಕಲ್ಲು ಬೀಳುವ ಮೊದಲೂ ಒಂದು ಕೆಲಸ ಇದೆ. ವಾಹನ ಎಣಿಕೆ ಮಾಡಲು ಬಂದವರನ್ನು ಸೀಸನ್‌ನಲ್ಲಿ ಬರಲು ಹೇಳಿ. ಮಳೆಗಾಲದಲ್ಲಿ ಖಾಲಿ ಇರುವ ಬ್ಯಾಡಗಿ ರಸ್ತೆಯನ್ನು ನೋಡಿ, ಕಾಯಿ ಚೀಲದ ಲಾರಿಗಳು ಸಾಲು ನಿಲ್ಲುವ ದಿನದ ಅಂದಾಜು ಮಾಡಲು ಆಗುವುದಿಲ್ಲ. ಅಂಡರ್‌ಪಾಸ್ ಎಲ್ಲಿ ಬೇಕು, ಟ್ರ್ಯಾಕ್ಟರ್ ಟ್ರೇಲರ್ ಸಮೇತ ಹಾಯುವಷ್ಟು ಎತ್ತರ ಇರಬೇಕು ಅನ್ನುವುದನ್ನು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಪ್ರತಿ ಇಟ್ಟುಕೊಳ್ಳಿ.

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಅಳಿಯ, ಅಲ್ಲಿ ಜನರನ್ನು ಕೇಳದೆ ಒಂದು ರಸ್ತೆಯೂ ಆಗುವುದಿಲ್ಲ ಅನ್ನುತ್ತಾನೆ. ಹೌದಾ?
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಅಳಿಯಂದಿರು ಸ್ವಲ್ಪ ಜಾಸ್ತಿ ಹೇಳಿದ್ದಾರೆ. 50 ಸಾವಿರಕ್ಕಿಂತ ಹೆಚ್ಚು ಜನರಿರುವ ನಗರ ಪ್ರದೇಶಕ್ಕೆ ಅಲ್ಲಿ ಒಂದು ಪ್ರಾದೇಶಿಕ ಸಾರಿಗೆ ಯೋಜನಾ ಸಂಸ್ಥೆ ಇರುತ್ತದೆ. ಅದು ಕನಿಷ್ಠ 20 ವರ್ಷದ ಯೋಜನೆ ಮಾಡಿ, 4 ಅಥವಾ 5 ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ಜನರನ್ನು ಹೇಗೆ ಕೇಳುತ್ತೇವೆ ಅನ್ನುವುದಕ್ಕೇ ಬೇರೆ ಯೋಜನೆ ಬರೆದು, ಅದನ್ನೂ 45 ದಿನ ಜನರ ಮುಂದಿಡಬೇಕು. ಅಲ್ಲಿಯೂ ಜನ ಹೇಳಿದ್ದೆಲ್ಲ ಆಗುವುದಿಲ್ಲ. ಆದರೆ ಮುಖ್ಯ ಅಭಿಪ್ರಾಯಗಳು ಬಂದಿದ್ದರೆ ಅವು ಏನು, ಅವುಗಳಿಗೆ ಏನು ಮಾಡಿದೆವು ಅಂತ ವರದಿ ಕೊಡಬೇಕು. ನನಗೆ ಹೊಟ್ಟೆಕಿಚ್ಚು ಆಗುವುದು ಇದೊಂದಕ್ಕೆ.

ಇಲ್ಲಿ ಅದನ್ನು ನಾವೇ ಕೇಳಿ ಪಡೆಯಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಕಟ್ಟಿ, ಮಾಸ್ಟರ್ ಪ್ಲಾನಿಗೆ ಬಂದ ಆಕ್ಷೇಪಣೆಗಳ ಪಟ್ಟಿ, ಪ್ರತಿಯೊಂದರ ಮೇಲೆ ಪ್ರಾಧಿಕಾರ ಮಾಡಿದ ಶಿಫಾರಸು, ಎರಡರ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಬಂದರೆ ನಮಗೂ ಒಂದು ಪ್ರತಿ ಕಳಿಸಿ, ಇದೇ ಪುಟದಲ್ಲಿ ಹಾಕೋಣ.